ಚರಂಡಿಗೊಂದು ಸನ್ಮಾನ

ಊರಿನ ಉಳಿದೆಲ್ಲ ಆಸ್ಪತ್ರೆಗಳ ಚರಂಡಿ ನೀರಿನಲ್ಲೂ ಆ್ಯಂಟಿಬಯೋಟಿಕ್‌ಗೆ ಸಾಯದ ಬ್ಯಾಕ್ಟೀರಿಯಾಗಳು ಸಿಕ್ಕಿದ್ದವು. ಈ ಒಂದು ಆಸ್ಪತ್ರೆಯ ನೀರಿನಲ್ಲಿ ಮಾತ್ರ ಒಂದೂ ಇರಲಿಲ್ಲ. ಅದರ ಗುಟ್ಟು ತಿಳಿದರೆ ವೈಜಯಂತಿಯ ಪಿಎಚ್‌ಡಿ ಮುಗಿದಂತೆಯೇ. ಅವಳು ಶಾಲು, ಹಣ್ಣಿನ ಬುಟ್ಟಿ ಹಿಡಿದು ನೇರವಾಗಿ ಅಲ್ಲಿಗೇ ಹೋದಳು.

ಸ್ವಚ್ಛತೆಯ ಮೇಲ್ವಿಚಾರಕ ದ್ಯಾವಪ್ಪ ಶಾಲು ಹೊದ್ದು ನಾಚಿಕೊಂಡರು.

"ಇದೆಲ್ಲ ಯಾಕೆ ಮೇಡಂ! ನನ್ನ ಮದುವೇಲೂ ಯಾರೂ ಶಾಲು ಹೊದಿಸಿರ್ಲಿಲ್ಲ."

"ನೀವು ಏನ್ ಮಾಡ್ತೀರಿ ಅಂತ ಹೇಳಿ ಸಾರ್. ನಿಮ್ಮ ಹೆಸರು ಹಾಕಿ ಬರೀತೀನಿ. ನಾಳೆ ಎಲ್ಲಾ ಆಸ್ಪತ್ರೆಯವ್ರೂ ಹಾಗೇ ಮಾಡ್ಲಿ."

"ಮಾಡೋದೇನ್ ಬಂತು? ಚರಂಡಿಗೆ ಮೂಟೆಗಟ್ಲೆ ಬ್ಲೀಚಿಂಗ್ ಪೌಡರ್ ಸುರಿಸಿ, ಪಕ್ಕದಲ್ಲೇ ನಿಂತು ತೊಳೆಸ್ತೀನಿ. ನಮ್ಮ ಹುಡುಗ್ರು ಬೈಕೊಳ್ತಾರೆ, ಬೈಕೊಳ್ಳಲಿ ಬಿಡಿ."

ವೈಜಯಂತಿಯ ಪೆನ್ನು ಸರಸರನೆ ಓಡಿತು.

"ಎಷ್ಟು ದಿನಕ್ಕೊಮ್ಮೆ?"

"ನೋಡೋಕೆ ಬರ್ತೀವಿ ಅಂತ ಯಾರಾದ್ರೂ ಫೋನ್ ಮಾಡಿದಾಗೆಲ್ಲ! ನೀವು ನೀರು ತಗೊಳ್ಳೋಕೆ ಬಂದ್ರಲ್ಲ, ಅದರ ಹಿಂದಿನ ದಿನಾನೂ ಮಾಡಿಸಿದ್ದೆ."

ಪೆನ್ನು ನಿಂತಿತು.

"ಮತ್ತೆ... ಬೇರೆ ದಿನ?"

ದ್ಯಾವಪ್ಪ ಮನಸಾರೆ ನಕ್ಕರು.

"ಬೇರೆ ದಿನ ಯಾರು ಬರ್ತಾರೆ ಮೇಡಂ!"