ಇಳಿಜಾರಿನ ಪರೀಕ್ಷೆ

"ಎಳೆಯೋ ಸರಳಿನ ಪಿನ್ನಿಗೆ ಕ್ಲಿಪ್ ಹಾಕಿದ್ಯಾ?" ಮಾವನವರು ಹಿಂದಿನಿಂದ ಕೂಗಿದರು.

"ಹಾಕಿದೀನಿ ಮಾವ. ನೀವೇ ಎಳೆದು ನೋಡಿದ್ರಲ್ಲ."

"ಸರಪಳಿ?"

"ಅದೂ ಇದೆ."

ಸೊಸೆ ಗುಡ್ಡಗಾಡಿಯನ್ನು ಕಡಿಮೆ ಗೇರಿಗೆ ಹಾಕಿ ಇಳಿಜಾರಿಗೆ ಬಿಟ್ಟಳು. ಹಿಂದಿನ ಭಾರ ಒಮ್ಮೆ ಮುಲುಗಿ ತೆಪ್ಪಗೆ ಹಿಂಬಾಲಿಸಿತು.

ಗುಡ್ಡದ ಮೇಲಿನ ಆ ಸಸಿತೋಟದಲ್ಲಿ ಗೊಬ್ಬರ, ಕುಂಡ, ಮಣ್ಣು ಎಲ್ಲವನ್ನೂ ಎಳೆಯುವುದು ದಪ್ಪ ಗಾಲಿಯ ಗುಡ್ಡಗಾಡಿಗಳೇ. ಅವುಗಳ ಕೀಲಿಗೊಂಚಲು ಇಷ್ಟು ವರ್ಷ ಮಾವನವರ ಸೊಂಟ ಬಿಟ್ಟು ಕದಲಿರಲಿಲ್ಲ. ಸೊಸೆಯನ್ನು ಅವರು ಎರಡು ಸಲ ನಪಾಸು ಮಾಡಿದ್ದರು. ಒಮ್ಮೆ ಕನ್ನಡಿ ಒರೆಸಲಿಲ್ಲವೆಂದು, ಇನ್ನೊಮ್ಮೆ ಒರೆಸುತ್ತ ಹೊತ್ತು ಕಳೆದಳೆಂದು. ಇವತ್ತು ತೀರ್ಪು ತೋಟದ ಯಜಮಾನಿಯದು. ಭಾರ ಒಂದು ಗೀರೂ ಇಲ್ಲದೆ ಕೆಳಗಿನ ಶೆಡ್ ಸೇರಿದರೆ ಗೊಂಚಲು ಸೊಸೆಗೆ, ಮಾವನವರಿಗೆ ಗೇಟಿನ ಪಕ್ಕದ ಕಾವಲು ಸ್ಟೂಲು. ಪರೀಕ್ಷೆಗೆಂದು ಒಂದು ಕೀಲಿಯನ್ನು ಹಲ್ಲು ಕಿತ್ತುಕೊಟ್ಟವರಂತೆ ಬಿಚ್ಚಿಕೊಟ್ಟಿದ್ದರು.

ತಪ್ಪು ಹುಡುಕಲು ಅವರಿಗೆ ಸೊಸೆಯ ಬೆನ್ನ ಹಿಂದಿನ ಈ ಜಾಗಕ್ಕಿಂತ ಒಳ್ಳೆಯದು ಸಿಕ್ಕಿರಲಿಲ್ಲ. ಪ್ಯಾಂಟು ಮೊಣಕಾಲ ತನಕ ಒದ್ದೆಯಾಗಿ ಚಳಿ ಹಿಡಿಸುತ್ತಿತ್ತು. ಬಾಯಿ ಮಾತ್ರ ಬೆಚ್ಚಗಿತ್ತು.

"ಜೋರಾಗಿ ಹೋಗ್ತಿದೀಯ."

ನೀರಿನ ಕೊಡ ಹೊತ್ತ ಮಾಲಿಯೊಬ್ಬ ನಡೆದುಕೊಂಡೇ ಅವರನ್ನು ದಾಟಿ ಮುಂದೆ ಹೋದ.

ತಿರುವು ಬಂತು. ಅಂಚಿನುದ್ದಕ್ಕೂ ಹೊಸ ಕುಂಡಗಳ ಸಾಲು. ಅಭ್ಯಾಸಬಲದಿಂದ ಮಾವನವರ ಕಾಲು ಬ್ರೇಕ್ ಹುಡುಕಿ ತುಳಿಯಿತು.

"ಮಾವ, ಕಾಲು ಸುಮ್ನಿಟ್ಕೊಳ್ಳಿ. ನಾನು ನೋಡ್ಕೋತೀನಿ."

ನೋಡಿಕೊಂಡಳು ಕೂಡ. ಅಗಲವಾಗಿ ತಿರುಗಿಸಿದಳು. ಭಾರ ಕುಂಡಗಳ ಪಕ್ಕದಲ್ಲೇ ಹಾದರೂ ಒಂದು ಎಲೆಗೂ ತಾಗಲಿಲ್ಲ. ಮಾವನವರಿಗೆ ಒಳಗೊಳಗೇ ಹೆಮ್ಮೆಯಾಯಿತು, ಅದಕ್ಕೇ ಸಿಟ್ಟು ಇನ್ನೂ ಏರಿತು. ದಾರಿ ಬದಿಯ ಕೆಲಸದವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮಾವನವರು ಆ ಕಡೆ ನೋಡಲಿಲ್ಲ.

"ಕನ್ನಡಿ ನೋಡ್ತಾ ಇರು."

"ನೋಡ್ತಾನೇ ಇದೀನಿ ಮಾವ. ನೀವೇ ಕಾಣ್ತೀರಿ."

ಶೆಡ್ಡಿನ ಮುಂದೆ ಸಮತಟ್ಟು ಜಾಗದಲ್ಲಿ ಗಾಡಿ ನಿಂತಿತು. ಸೊಸೆ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಆಮೇಲೆ ಪಿನ್ನು ಬಿಚ್ಚಿದಳು. ಎಲ್ಲ ಮಾವನವರು ಕಲಿಸಿದ ಕ್ರಮದಲ್ಲೇ. ಆಡಿಕೊಳ್ಳಲು ಏನೂ ಉಳಿಯಲಿಲ್ಲ.

ಯಜಮಾನಿ ಒಂದು ಸುತ್ತು ಹಾಕಿ ಬಗ್ಗಿ ನೋಡಿದಳು. "ಗೀರಿಲ್ಲ. ದಾರೀಲಿ ಭಾರ ಏನಾದ್ರೂ ತೊಂದರೆ ಕೊಡ್ತಾ?"

"ಒಂದೇ ಸಮ ಮಾತಾಡ್ತಿತ್ತು, ಅಷ್ಟೇ," ಅಂದಳು ಸೊಸೆ.

ಮಾವನವರು ಸ್ಟೀರಿಂಗಿನಿಂದ ಕೈ ತೆಗೆದರು. ಬೆಳಿಗ್ಗೆ ಒಳದಾರಿ ಹಿಡಿಯಲು ಹೋಗಿ ತಾವೇ ಹೊಂಡಕ್ಕೆ ಇಳಿಸಿದ್ದ, ಇಂಜಿನ್ ತುಂಬ ನೀರು ಕುಡಿದು ಕೆಟ್ಟು ನಿಂತಿದ್ದ ತಮ್ಮ ಗುಡ್ಡಗಾಡಿಯಿಂದ ಕೆಳಗಿಳಿದು, ಅದನ್ನೂ ತಮ್ಮನ್ನೂ ಎಳೆದು ತಂದ ಸೊಸೆಯ ಕೈಗೆ ಕೀಲಿಗೊಂಚಲು ಕೊಟ್ಟರು.