ತಂಪು ಪೆಟ್ಟಿಗೆ

ಎಲ್ಲೋರಾ ಘಾಟಿಯ ಬುಡದಲ್ಲಿ ಕಾರು ನಿಲ್ಲಿಸಿ ಜಯಕರ ಬಾನೆಟ್ ಎತ್ತಿದ. ಎಂಜಿನ್ನಿನ ಪಕ್ಕದ ತಗಡಿನ ಪೆಟ್ಟಿಗೆಯಲ್ಲಿ ಇರಬೇಕಾಗಿದ್ದ ಐಸು ಇರಲಿಲ್ಲ. ಪೆಟ್ಟಿಗೆಯ ಬೆಸುಗೆ ಬಿಟ್ಟು, ಕರಗಿದ ನೀರೆಲ್ಲ ದಾರಿಯುದ್ದಕ್ಕೂ ಸೋರಿಹೋಗಿತ್ತು. ಪುಣ್ಯಕ್ಕೆ ಕಾರಿನ ಯಜಮಾನ ಕಿಟ್ಟಣ್ಣ ದೇವಸ್ಥಾನಕ್ಕೆ ಹೋಗಿದ್ದ. ಘೃಷ್ಣೇಶ್ವರನಿಗೆ ಹಣ್ಣುಕಾಯಿ ಮಾಡಿಸದೆ ಅವನು ಆ ಊರು ದಾಟುವವನಲ್ಲ.

"ಮುಗೀತು ನನ್ನ ಕತೆ" ಎಂದ ಜಯಕರ, ಪಕ್ಕದಲ್ಲಿ ನಿಂತ ಚಂಪಾಳಿಗೆ.

ಮುಗಿಯುವಂಥ ಕತೆಯೇ ಅದು. ನಾಸಿಕದಲ್ಲಿ ಇಡ್ಲಿ ದೋಸೆಯ ಹೋಟೆಲು ಇಟ್ಟಿದ್ದ ಕಿಟ್ಟಣ್ಣನಿಗೆ ಮಗಳು ಚಂಪಾಳನ್ನು ಹೋಟೆಲಿನವರಿಗೇ ಕೊಡಬೇಕೆಂದು ಹಟ. ಚಂಪಾ ಮೆಚ್ಚಿದ್ದು ಓಝರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಜಯಕರನನ್ನು. ಹುಡುಗ ಉಡುಪಿ ಕಡೆಯವನೇ, ಗುಣವಂತನೇ, ಆದರೆ ಚಹಕ್ಕೆ ನೀರಿಡಲೂ ಬಾರದವನು. ಮಗಳು ಊಟ ಬಿಟ್ಟು ಕುಳಿತ ಮೇಲೆ ಕಿಟ್ಟಣ್ಣ ಒಂದು ಪಂದ್ಯ ಒಡ್ಡಿದ. ಪಾತ್ರೆಪಡಗ ಹೇರಿದ ಅವನ ಹಳೇ ಅಂಬಾಸಿಡರ್ ಈ ಘಾಟಿಯನ್ನು ತಾನಾಗಿ ಹತ್ತಿದ ದಾಖಲೆಯೇ ಇಲ್ಲ. ಪ್ರತಿ ಸಲವೂ ಕಿಟ್ಟಣ್ಣನೇ ಪಂಚೆ ಮೇಲೆ ಕಟ್ಟಿ ನೂಕಬೇಕು. "ನನ್ನನ್ನು ಕೆಳಗೆ ಇಳಿಸದೆ ಮೇಲೆ ಖುಲ್ತಾಬಾದಿನವರೆಗೆ ಹತ್ತಿಸು ನೋಡುವ, ಹುಡುಗಿ ನಿನಗೆ. ಇಲ್ಲದಿದ್ರೆ ಪುಣೆಯ ಹೋಟೆಲಿನ ದೇವದಾಸನ ಮಗನಿಗೆ ಮಾತು ಕೊಡುವುದೇ."

ಜಯಕರ ಗುಜರಿಯಿಂದ ಒಂದು ಟರ್ಬೊ ಹುಡುಕಿ ತಂದು ಎಂಜಿನ್ನಿಗೆ ಕಟ್ಟಿದ. ಹೊರಗೆ ಹೋಗುವ ಹೊಗೆಯೇ ಅದರ ಚಕ್ರ ತಿರುಗಿಸುತ್ತದೆ, ಚಕ್ರ ತಿರುಗಿ ಎಂಜಿನ್ನಿನ ಬಾಯಿಗೆ ಗಾಳಿ ತುರುಕುತ್ತದೆ. ಗಾಳಿ ಹೆಚ್ಚಾದಷ್ಟೂ ಗಾಡಿಗೆ ಜೋರು. ಆದರೆ ಹಾಗೆ ತುರುಕಿದ ಗಾಳಿ ಕಾಯುತ್ತದೆ, ಕಾದ ಗಾಳಿಗೆ ಕಸುವಿಲ್ಲ. ಅದಕ್ಕೇ ಗಾಳಿಯ ಕೊಳವೆಯನ್ನು ಐಸು ತುಂಬಿದ ಪೆಟ್ಟಿಗೆಯೊಳಗಿಂದ ಹಾಯಿಸಿದ್ದ. "ಮಜ್ಜಿಗೆಗೆ ಐಸು ಹಾಕುವುದು ಗೊತ್ತುಂಟು. ಗಾಳಿಗೂ ಹಾಕ್ತಾರಾ ಮಾರಾಯ?" ಎಂದು ಕಿಟ್ಟಣ್ಣ ಹೊರಡುವಾಗ ನಕ್ಕಿದ್ದ.

ಈಗ ಐಸಿಗೆ ಎಲ್ಲಿ ಹೋಗುವುದು? ಚಂಪಾ ಕೊಡದಿಂದ ನೀರು ಹೊಯ್ದಳು. ಹೊಯ್ದಷ್ಟೂ ತಳದಿಂದ ಇಳಿದು ರಸ್ತೆ ಸೇರಿತು. ಅವಳು ಡಿಕ್ಕಿಯ ಕಡೆ ನೋಡಿದಳು. ಔರಂಗಾಬಾದಿನಲ್ಲಿ ಸೋದರಮಾವ ಮೋಹನದಾಸನ ಹೊಸ ಹೋಟೆಲು ನಾಳೆ ಶುರುವಾಗುವುದಿತ್ತು. ಮೊದಲ ಇಡ್ಲಿಗೆಂದು ಕಿಟ್ಟಣ್ಣ ತಾನೇ ನಿಂತು ರುಬ್ಬಿಸಿದ ಹಿಟ್ಟು, ಒದ್ದೆ ಗೋಣಿ ಸುತ್ತಿದ ಡಬ್ಬಿಗಳಲ್ಲಿ ತಣ್ಣಗೆ ಕುಳಿತಿತ್ತು.

"ಇದು ಸೋರುದಿಲ್ಲ" ಎಂದಳು, ಒಂದು ಡಬ್ಬಿ ಎತ್ತಿ ತಂದು.

"ಹಿಟ್ಟಾ? ಚಂಪಾ, ನಿನ್ನಪ್ಪ ನನ್ನನ್ನೇ ರುಬ್ಬಿ ಹಾಕ್ತಾರೆ."

"ಗಪ್ ಬಸ್, ಬಾಯಿ ಮುಚ್ಚು. ಅಪ್ಪ ಬಂದ್ರು." ಅವಳು ಡಬ್ಬಿಯನ್ನು ಪೂರಾ ಬಗ್ಗಿಸಿ, ಪೆಟ್ಟಿಗೆಯ ಮುಚ್ಚಳ ಒತ್ತಿ, ಖಾಲಿ ಡಬ್ಬಿಯನ್ನು ಸೀಟಿನಡಿಗೆ ತಳ್ಳಿದಳು.

ಕಾರು ಹತ್ತಿತು. ಹೇಗೆ ಹತ್ತಿತೆಂದರೆ, ಏದುಸಿರು ಬಿಡುತ್ತಿದ್ದ ಒಂದು ಬಸ್ಸನ್ನು ಹಿಂದೆ ಹಾಕಿತು. ಆಗ ಕಿಟ್ಟಣ್ಣನ ಮುಖ ನೋಡಬೇಕಿತ್ತು. ಹುಡುಗನ ಭುಜದ ಮೇಲೆ ಕೈ ಇಟ್ಟು ಪ್ರಸಾದದ ಕಾಯಿಚೂರು ಕೊಟ್ಟ. ಮತ್ತೊಂದು ತಿರುವು ಕಳೆದ ಮೇಲೆ ಮೂಗರಳಿಸಿದ.

"ಇಲ್ಲಿ ಯಾರದ್ದು ಹೋಟೆಲು? ಇಡ್ಲಿ ಬೇಯ್ತಾ ಉಂಟು."

"ಖುಲ್ತಾಬಾದಿನದ್ದಿರಬೇಕು ಅಪ್ಪ" ಎಂದು ಚಂಪಾ ಕಿಟಕಿಯಿಂದ ಆಚೆ ನೋಡಿದಳು.

ಹಿಟ್ಟು ಹಿಟ್ಟಾಗಿ ಇರುವವರೆಗೆ ತಂಪು ಕೊಟ್ಟಿತ್ತು. ಕೊಳವೆಯ ಸುತ್ತ ಅದು ಬೆಂದು ಗಟ್ಟಿಯಾದ ಮೇಲೆ ಕಂಬಳಿ ಹೊದಿಸಿದಂತಾಗಿ, ಬಿಸಿಯೆಲ್ಲ ಒಳಗೇ ಉಳಿಯಿತು. ಎಂಜಿನ್ನು ಕೆಮ್ಮಿತು, ಏಗಿತು, ಕೊನೆಯ ತಿರುವಿನಲ್ಲಿ ನಿಂತೇಬಿಟ್ಟಿತು. ಮೇಲೆ ಖುಲ್ತಾಬಾದಿನ ಗುಮ್ಮಟಗಳು ಕಾಣಿಸುತ್ತಿದ್ದವು.

ಕಿಟ್ಟಣ್ಣ ಇಳಿದು ಪಂಚೆ ಮೇಲೆ ಕಟ್ಟಿದ. ಚಂಪಾಳಿಗೆ ಪುಣೆ ಕಣ್ಣೆದುರಿಗೇ ಬಂದಂತಾಗಿ ಅಳು ಉಕ್ಕಿತು. ನೂಕುವ ಮೊದಲು ಒಮ್ಮೆ ನೋಡುವ ಎಂದು ಕಿಟ್ಟಣ್ಣ ಬಾನೆಟ್ ಎತ್ತಿಸಿದ. ಮುಚ್ಚಳ ತೆಗೆದರೆ ಗಮಗಮ ಹಬೆ. ಪೆಟ್ಟಿಗೆಯ ಅಂಚಿನವರೆಗೂ ಬಿಳಿ ಬಿಳಿಯಾಗಿ ಉಬ್ಬಿ ನಿಂತಿತ್ತು. ಜಯಕರ ಕಣ್ಣು ಮುಚ್ಚಿಕೊಂಡ.

ಕಿಟ್ಟಣ್ಣ ಬೆರಳಿನಿಂದ ಒತ್ತಿದ, ಬಿಟ್ಟ. ಒತ್ತಿದ ಕಡೆ ಮೆಲ್ಲನೆ ಮೇಲೆದ್ದಿತು. ಒಂದು ತುಂಡು ಮುರಿದು, ಊದಿ, ಬಾಯಿಗೆ ಹಾಕಿಕೊಂಡ. ಇನ್ನೊಂದು ಮುರಿದ.

"ನನ್ನ ಹಿಟ್ಟು" ಎಂದ.

"ಗಾಳಿ ತಂಪು ಮಾಡ್ಲಿಕ್ಕೆ ಅಂತ…" ಎಂದ ಜಯಕರ.

"ಗಾಳಿಯ ಸುದ್ದಿ ಬಿಡು ಮಾರಾಯ. ಒಲೆ ಇಲ್ಲ, ಇಡ್ಲಿ ಬೇಯಿಸುವ ಅಟ್ಟ ಇಲ್ಲ, ಓಡುವ ಗಾಡಿಯಲ್ಲಿ ಇಂಥಾ ಇಡ್ಲಿ. ನನ್ನ ಅಡಿಗೆಭಟ್ಟ ಇಷ್ಟು ವರ್ಷ ಸಂಬಳ ತಿಂದ, ಒಂದು ದಿವಸ ಹೀಗೆ ಬೇಯಿಸ್ಲಿಲ್ಲ." ಕಿಟ್ಟಣ್ಣ ಮೂರನೆಯ ತುಂಡನ್ನು ಮಗಳಿಗೆ ಕೊಟ್ಟ. "ಗಾಡಿ ಹತ್ತದಿದ್ರೆ ಹಾಳಾಗಿ ಹೋಗ್ಲಿ. ಇವನು ನಮ್ಮ ಕಸುಬಿನವನೇ. ಹೌದಾ, ಹಿಟ್ಟು ಹಾಕುವ ಬುದ್ಧಿ ಹೊಳೆದದ್ದು ಯಾರಿಗೆ?"

ಜಯಕರ ಸುಳ್ಳು ಹೇಳಿ ಗೊತ್ತಿಲ್ಲದ ಹುಡುಗ. "ಅದು, ನಮ್ಮ ಚಂ…" ಎಂದು ಬಾಯಿ ತೆರೆದ.

ಚಂಪಾ ಇಡ್ಲಿ ಜಗಿಯುತ್ತಲೇ ಅವನ ಪಾದವನ್ನು ಚಪ್ಪಲಿಯ ಹಿಮ್ಮಡಿಯಿಂದ ಬಲವಾಗಿ ತುಳಿದಳು.