ಮೂರನೆಯ ತುತ್ತು

ಮೂರನೆಯ ತುತ್ತು ತುಟಿಯ ಹತ್ತಿರ ಬಂದಾಗ ಅಸ್ಕಾಲೆಯ ಬಾಯಲ್ಲಿ ಇನ್ನೂ ಎರಡನೆಯದೇ ಇತ್ತು. ಪ್ರೀತಿಯಿಂದ ಇಟ್ಟ ತುತ್ತನ್ನು ಇಥಿಯೋಪಿಯಾದ ದೆಸ್ಸಿ ಊರಿನಲ್ಲಿ ಯಾರೂ ಬೇಡವೆನ್ನುವುದಿಲ್ಲ. ಇಡುತ್ತಿದ್ದವರು ವುಬ್ಶೆತ್, ನಿವೃತ್ತ ಬಸ್ ಚಾಲಕರು, ಅವಳು ಕಲಿಸುವ ಇಂಗ್ಲಿಷ್ ತರಗತಿಯಲ್ಲಿ ಎಲ್ಲರಿಗಿಂತ ಹಿರಿಯ ವಿದ್ಯಾರ್ಥಿ; ಹಿರಿಯರೆಂಬ ಗೌರವದಿಂದ ಅವಳು ಅವರನ್ನು 'ಗಾಶೆ' ಎನ್ನುತ್ತಿದ್ದಳು. ನಾಳೆಯ ಓದಿನ ಪಾಠ ಹೇಗೆಂದು ಅವಳು ಆಗಷ್ಟೇ ಅವರಿಗೆ ವಿವರಿಸಿದ್ದಳು: ಕಳೆದುಹೋದ ಕತ್ತೆಯ ಕಥೆ, ಕಷ್ಟದ ಪದಗಳ ಅರ್ಥ, ಕಥೆಯ ಸಾರಾಂಶ ಎಲ್ಲವನ್ನೂ ಮೊದಲೇ ಹೇಳಿ, ಆಮೇಲೆ ಓದಿಸುವುದು. ಓದಿನ ತರಗತಿಗೆ ಅರ್ಧ ಜನ ಬರುವುದನ್ನೇ ಬಿಟ್ಟಿದ್ದರು. ಉಳಿದವರಿಗಾದರೂ ಸುಲಭವಾಗಲಿ ಎಂಬುದು ಅವಳ ಆಸೆ.

"ಸಾಕು ಗಾಶೆ," ಎಂದಳು ಬಾಯಿ ತುಂಬಿಕೊಂಡೇ. "ನಂಗೂ ಕೈ ಇದೆ."

"ನಮಗೂ ಕಣ್ಣಿದೆ ಮಗಳೇ," ಎಂದರು ವುಬ್ಶೆತ್, ಅವಳ ಮಡಿಲಲ್ಲಿದ್ದ ಪಾಠದ ಹಾಳೆಯನ್ನು ನೋಡುತ್ತ. "ಕತ್ತೆ ಸಿಕ್ತು ಅಂತ ನೀನೇ ಮೊದ್ಲು ಹೇಳಿಬಿಟ್ರೆ, ನಾವು ಹುಡುಕೋದೇನನ್ನ?"

ಅಸ್ಕಾಲೆ ಅಗಿಯುವುದನ್ನು ನಿಲ್ಲಿಸಿದಳು. ಅರ್ಥ, ಸಾರಾಂಶಗಳಿದ್ದ ಹಾಳೆಯ ಮೇಲರ್ಧಕ್ಕೆ ಅಡ್ಡಗೆರೆ ಎಳೆದು, 'ಮೊದಲು ಅವರೇ ಓದಲಿ' ಎಂದು ಬರೆದಳು. ಆಮೇಲೆ ಕೈತೊಳೆದು ಬಂದು, ಇಂಜೆರಾ ರೊಟ್ಟಿಯ ಮೆತ್ತನೆಯ ತುಂಡಿನಲ್ಲಿ ಬೇಳೆಯ ಗೊಜ್ಜು ಸುತ್ತಿ, ತನ್ನ ಕೈಗೆ ಹಿಡಿಸುವಷ್ಟು ದೊಡ್ಡ ತುತ್ತನ್ನು ಅವರ ಬಾಯಿಗಿಟ್ಟಳು.